ಗಾಡಿ ಓಡಬೇಕಾದರೆ ಮೊದಲು ಸಹಿ ಬೀಳಬೇಕು

ಎಂಜಿನಿಯರಿಂಗ್ ಓದುವ ಹುಡುಗರಿಗೆ ರೇಸ್ ಗಾಡಿ ಕಟ್ಟುವ ಹುಚ್ಚು ಹಿಡಿಯುವುದು ಎರಡನೇ ವರ್ಷದ ಕೊನೆಗೋ ಮೂರನೇ ವರ್ಷದ ಸುರುವಿಗೋ. ಹಾಸ್ಟೆಲಿನ ಒಂದು ಖೋಲಿಯಲ್ಲಿ ನಾಲ್ಕು ಮಂದಿ ಸೇರಿ ಕಂಪ್ಯೂಟರಿನಲ್ಲಿ ಗಾಡಿಯ ಚಿತ್ರ ಬರೀತಾರೆ, ತಂಡಕ್ಕೊಂದು ಗಡಸು ಹೆಸರು ಇಡ್ತಾರೆ, ಅಂಗಿ ಮೇಲೆ ಹಾಕೋ ಗುರುತೂ ತಯಾರಾಗುತ್ತದೆ. ಅಲ್ಲಿಗೆ ಅರ್ಧ ಕೆಲಸ ಮುಗಿದಂಗೆ ಅವರಿಗೆ ಅನಿಸುತ್ತದೆ. ಆಮೇಲೆ ಫೈಲು ಹಿಡಿದುಕೊಂಡು ಆಫೀಸಿಗೆ ಹೋಗ್ತಾರೆ. ಖರೇ ರೇಸ್ ಸುರುವಾಗೋದು ಅಲ್ಲಿಂದ. ವಿಭಾಗದ ಮುಖ್ಯಸ್ಥರಿಂದ ಪ್ರಿನ್ಸಿಪಾಲರಿಗೆ, ಅಲ್ಲಿಂದ ಆಡಳಿತ ಮಂಡಳಿಗೆ, ಮಂಡಳಿಯಿಂದ ಲೆಕ್ಕಪತ್ರದವರಿಗೆ. ಗಾಡಿಗಿಂತ ಮೊದಲು ಫೈಲು ಓಡಬೇಕು. ಅದಕ್ಕೆ ಎಂಜಿನ್ ಇಲ್ಲ.

"ಆತು ಬಿಡ್ರಿ, ನೋಡೋಣು" ಅಂತಾರೆ ಸಾಹೇಬರು. ಈ ಭಾಗದಲ್ಲಿ "ನೋಡೋಣು" ಅನ್ನೋ ಮಾತಿಗೆ ಎಷ್ಟು ಅರ್ಥ ಇದೆ ಅನ್ನೋದು, ಪಾಪ, ಹುಡುಗರಿಗೆ ಹೊರಗೆ ಬಂದ ಮೇಲೇ ಗೊತ್ತಾಗೋದು.

ಕಲಬುರಗಿಗೆ ಕಾಲೇಜುಗಳ ಬರವಿಲ್ಲ. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜು 1958ರಿಂದ ಇದೆ. ಶರಣಬಸವ ವಿಶ್ವವಿದ್ಯಾಲಯ 2017ರಲ್ಲಿ ಹುಟ್ಟಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರ ಊರಲ್ಲೇ ಇದೆ. ಇಷ್ಟೆಲ್ಲ ಇದ್ದೂ ವಿದ್ಯಾರ್ಥಿ ರೇಸ್ ತಂಡ ಅಂದರೆ ರಾಜ್ಯದಲ್ಲಿ ಮೊದಲು ಬಾಯಿಗೆ ಬರೋದು ಬೆಂಗಳೂರಿನ ಆರ್.ವಿ. ಕಾಲೇಜಿನ 'ಅಶ್ವ ರೇಸಿಂಗ್' ಹೆಸರು. 2003ರಲ್ಲಿ ಕಟ್ಟಿದ ತಂಡ ಅದು. ಕಟ್ಟಿದ ಹುಡುಗರು ಪಾಸಾಗಿ ಹೋಗಿ ಎಷ್ಟೋ ವರ್ಷವಾಯಿತು, ತಂಡ ಮಾತ್ರ ಉಳಿದಿದೆ. ಬೆಂಗಳೂರಿನ ಹುಡುಗರಿಗೆ ಬುದ್ಧಿ ಜಾಸ್ತಿ, ಇಲ್ಲಿಯವರಿಗೆ ಕಡಿಮೆ ಅಂತ ಯಾರೂ ಹೇಳಲಾರರು. ಹಾಗಾದರೆ ವ್ಯತ್ಯಾಸ ಎಲ್ಲಿ?

ರೇಸ್ ಅಂದ ಕೂಡಲೇ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ರಾತ್ರಿ ರಿಂಗ್ ರೋಡಿನಲ್ಲಿ ಸೈಲೆನ್ಸರ್ ಬಿಚ್ಚಿ ಬೈಕ್ ಓಡಿಸೋ ಪಡ್ಡೆಗಳ ನೆನಪಾಗುತ್ತದೆ. ಇದು ಅದಲ್ಲ. ಕಾಲೇಜು ಹುಡುಗರು ತಾವೇ ಗಾಡಿ ಕಟ್ಟಿ ತಂದು ಪರೀಕ್ಷೆಗೆ ಒಡ್ಡುವ ಪದ್ಧತಿ ಸುರುವಾದದ್ದು ಅಮೆರಿಕದಲ್ಲಿ. ಗುಡ್ಡ ಕೊರಕಲು ಹಾಯುವ 'ಬಾಹಾ' ಗಾಡಿಗಳ ಸ್ಪರ್ಧೆ 1976ರಲ್ಲಿ, ಟಾರು ಹಾದಿಯ 'ಫಾರ್ಮುಲಾ' ಗಾಡಿಗಳದ್ದು 1981ರಲ್ಲಿ. ನಮ್ಮ ದೇಶಕ್ಕೆ ಬಾಹಾ ಬಂದದ್ದು 2007ರಲ್ಲಿ, ಮಧ್ಯಪ್ರದೇಶದ ಪೀತಂಪುರಕ್ಕೆ. ಫಾರ್ಮುಲಾ ಭಾರತ್ ಸ್ಪರ್ಧೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುತ್ತ ಬಂದಿದೆ.

ಬಾಹಾದ ಪೆಟ್ರೋಲ್ ವಿಭಾಗದಲ್ಲಿ ನಡೆದುಬಂದ ಪದ್ಧತಿ ಅಂದರೆ ಎಲ್ಲ ತಂಡಕ್ಕೂ ಒಂದೇ ನಮೂನೆಯ ಸಣ್ಣ ಎಂಜಿನ್. ರೊಕ್ಕ ಇದ್ದವ ದೊಡ್ಡ ಎಂಜಿನ್ ತಂದು ಗೆಲ್ಲೋ ಹಾಗಿಲ್ಲ. ಓಡಿಸುವವನ ಸುತ್ತ ಉಕ್ಕಿನ ಪೈಪಿನ ಪಂಜರ ಇರಬೇಕು. ಆ ಪೈಪಿನ ದಪ್ಪ, ಅದರೊಳಗಿನ ಇಂಗಾಲದ ಪ್ರಮಾಣ ಕೂಡ ನಿಯಮದಲ್ಲಿ ಬರೆದಿದೆ. ಹುಡುಗರು ಮಾಡಿದ ವೆಲ್ಡಿಂಗಿನ ತುಂಡನ್ನು ಮುರಿದು ಪರೀಕ್ಷೆ ಮಾಡಬೇಕು. ಬ್ರೇಕ್ ಒತ್ತಿದರೆ ನಾಲ್ಕೂ ಚಕ್ರ ಕಚ್ಚಿ ನಿಲ್ಲಬೇಕು, ಇಲ್ಲದಿದ್ದರೆ ಗಾಡಿ ಕಣಕ್ಕೇ ಇಳಿಯೋದಿಲ್ಲ. ಕಡೆಗೆ ನಾಲ್ಕು ತಾಸಿನ ಸಹನೆಯ ಓಟ. ಎಷ್ಟೋ ಗಾಡಿಗಳು ಅದರಲ್ಲೇ ಕಾಲು ಮುರಿದುಕೊಂಡು ಕೂಡುತ್ತವೆ.

ಫಾರ್ಮುಲಾದಲ್ಲಿ ಒಟ್ಟು 1000 ಅಂಕ. ಅದರಲ್ಲಿ 325 ಅಂಕ ಗಾಡಿ ಓಡಿಸಿ ಬರೋದಲ್ಲ. ಯಾಕೆ ಹೀಗೆ ಕಟ್ಟಿದಿರಿ ಅನ್ನೋದಕ್ಕೆ 150, ಒಂದೊಂದು ಬೋಲ್ಟಿನ ಖರ್ಚನ್ನೂ ಹಿಡಿದ ಲೆಕ್ಕಕ್ಕೆ 100, ಇದನ್ನು ತಯಾರಿಸಿ ಮಾರೋದಾದರೆ ಹೇಗೆ ಅಂತ ಬಂಡವಾಳಗಾರರಿಗೆ ಒಪ್ಪಿಸಿ ಹೇಳೋದಕ್ಕೆ 75. ಅಂದರೆ ಹಣ ಕೇಳುವ ವಿದ್ಯೆ, ಹಿಸಾಬು ಇಡುವ ವಿದ್ಯೆ, ಇವೂ ಪರೀಕ್ಷೆಯ ಭಾಗವೇ. ನಾಲ್ಕು ವರ್ಷದ ಕ್ಲಾಸಿನಲ್ಲಿ ಇದನ್ನು ಯಾವ ಮಾಸ್ತರರು ಕಲಿಸ್ತಾರೆ?

"ಇದೆಲ್ಲ ಶೋಕಿ, ಶ್ರೀಮಂತರ ಮಕ್ಕಳ ಆಟ" ಎಂಬ ಮಾತು ಉಂಟು. ಈ ಮಾತನ್ನು ಅಲ್ಲಗಳೆಯುವುದು ಕಷ್ಟ. ಆದರೆ ಇದು ಶ್ರೀಮಂತರ ಆಟ ಆಗೋದು ಯಾವಾಗ? ಕಾಲೇಜು ಕೈ ಎತ್ತಿದಾಗ. ಕಾಲೇಜಿನಿಂದ ಒಂದು ಪೈಸೆ ಬರೋದಿಲ್ಲ ಅಂತಾದ ಮೇಲೆ ಹುಡುಗರು ತಮ್ಮತಮ್ಮಲ್ಲೇ ಚಂದಾ ಹಾಕ್ತಾರೆ. ತಲೆಗೆ ಇಷ್ಟು ಸಾವಿರ ಅಂತ ಗೊತ್ತು ಮಾಡ್ತಾರೆ. ಅಪ್ಪನ ಅಂಗಡಿ ಸೂಪರ್ ಮಾರ್ಕೆಟ್‌ನಲ್ಲಿ ಇದ್ದವ ಆ ದಿನವೇ ಕೊಡ್ತಾನೆ. ಕಮಲಾಪುರದಿಂದಲೋ ಚಿಂಚೋಳಿಯಿಂದಲೋ ಬಸ್ ಪಾಸಿನ ಮೇಲೆ ಓಡಾಡುವ, ಎಜುಕೇಶನ್ ಲೋನಿನ ಮೇಲೆ ಓದುವ ಹುಡುಗ "ನಂಗ ಟೈಮ್ ಆಗಂಗಿಲ್ಲೋ" ಅಂದು ಹಿಂದೆ ಸರೀತಾನೆ. ಖರೇ ಕಾರಣ ಅವ ಹೇಳೋದಿಲ್ಲ. ಮನೆಯ ಟ್ರ್ಯಾಕ್ಟರಿನ ಗೇರ್ ಬಾಕ್ಸ್ ಬಿಚ್ಚಿ ಕೂಡಿಸಿದ ಕೈ ಅವನದು, ರಾಶಿ ಮಷೀನಿನ ಬೆಲ್ಟ್ ಕಿತ್ತರೆ ಹೊಲದಲ್ಲೇ ಹಾಕಿದ ಕೈ. ಅವನು ಹೊರಗೆ, ಸ್ಪ್ಯಾನರ್ ಹಿಡಿಯಲು ಬಾರದವನು ಒಳಗೆ. ತಂಡದ ಗಾಡಿ ಪೀತಂಪುರಕ್ಕೆ ಹೋದರೂ ಹೋಗದಿದ್ದರೂ ಈ ಅನ್ಯಾಯ ಮಾತ್ರ ಚಂದಾ ಪಟ್ಟಿ ಬರೆದ ದಿನವೇ ಆಗಿಹೋಗಿರುತ್ತದೆ.

ಕಾಲೇಜು ಹಾಕಬೇಕಾದ ಮೊದಲ ರೊಕ್ಕ ದೊಡ್ಡದಲ್ಲ. ಇಡೀ ಗಾಡಿಯ ಖರ್ಚು ಲಕ್ಷಗಳ ಲೆಕ್ಕದ್ದು, ಅದನ್ನೆಲ್ಲ ಸಂಸ್ಥೆಯೇ ಭರಿಸಲಿ ಎಂದು ಯಾರೂ ಕೇಳುತ್ತಿಲ್ಲ. ಹೆಸರು ನೋಂದಾಯಿಸುವ ಫೀಸು ಮತ್ತು ಚಂದಾ ಕೊಡಲಾಗದ ಹುಡುಗರ ಪಾಲು, ಇವೆರಡು ಕಾಲೇಜಿನಿಂದ ಬಂದರೆ ಸಾಕು. ಉಳಿದದ್ದಕ್ಕೆ ಊರು ಇದೆ. ಆದರೆ ಊರಿನವರು ಕೊಡಬೇಕಾದರೆ ಅವರ ಮುಂದೆ ಪ್ರಿನ್ಸಿಪಾಲರ ಸಹಿ ಇರುವ ಕಾಗದ ಇಡಬೇಕು, ಕಾಲೇಜಿನ ಖಾತೆ ಇರಬೇಕು, ಪಾವತಿ ಕೊಡಬೇಕು. ದಾಲ್ ಮಿಲ್ಲಿನ ಸಾಹುಕಾರರು ಜಾತ್ರೆಗೆ, ಗಣಪತಿಗೆ, ದಾಸೋಹಕ್ಕೆ ಕೈ ಬಿಚ್ಚಿ ಕೊಡುವವರೇ. ಆದರೆ ಇಪ್ಪತ್ತು ವರ್ಷದ ನಾಲ್ಕು ಹುಡುಗರು ಬಂದು ಮೊಬೈಲಿನಲ್ಲಿ ಚಿತ್ರ ತೋರಿಸಿ, ಗೆಳೆಯನ ನಂಬರಿಗೆ ಹಾಕ್ರಿ ಅಂದರೆ ಯಾವ ಸಾಹುಕಾರ ಕೊಡ್ತಾನೆ? ಕೊಡದಿದ್ದರೆ ಅದು ಅವನ ತಪ್ಪೂ ಅಲ್ಲ.

ದೊಡ್ಡ ಕುಳಗಳ ಮಾತಿಗೆ ಬಂದರೆ ಜಿಲ್ಲೆಯ ಸುತ್ತ ಸಿಮೆಂಟ್ ಕಾರ್ಖಾನೆಗಳ ಸಾಲೇ ಇದೆ. ವಾಡಿ, ಮಳಖೇಡ, ಸೇಡಂ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು; ತಾವು ನಡೆಸುವ ಜಾಗದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಎಂದೂ ಅದರಲ್ಲೇ ಇದೆ. ಶಿಕ್ಷಣ ಆ ಪಟ್ಟಿಯಲ್ಲಿ ಬರುತ್ತದೆ. ಈ ನೆಲದ ಕಲ್ಲು ಸುಟ್ಟು ಲಾಭ ಮಾಡಿಕೊಂಡವರ ಹತ್ತಿರ ಈ ನೆಲದ ಹುಡುಗರು ಒಂದು ಪೈಪಿನ ಖರ್ಚು ಕೇಳಿದರೆ ಅದು ಭಿಕ್ಷೆ ಅಲ್ಲ. ಆದರೆ ಕೇಳುವ ಪತ್ರ ಕಾಲೇಜಿನಿಂದ ಹೋಗಬೇಕು, ಹಾಸ್ಟೆಲಿನ ಖೋಲಿಯಿಂದ ಹೋದರೆ ಅದು ಗೇಟಿನ ವಾಚ್‌ಮನ್‌ನನ್ನೂ ದಾಟೋದಿಲ್ಲ.

ಇನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. 2023ರಲ್ಲಿ ಸರಕಾರ ಅದಕ್ಕೆ 5,000 ಕೋಟಿ ರೂಪಾಯಿ ಘೋಷಿಸಿತು. ಖಾಸಗಿ ಸಂಸ್ಥೆಯ ಹುಡುಗರ ಗಾಡಿಗೆ ಮಂಡಳಿಯ ರೊಕ್ಕ ಹ್ಯಾಂಗ ಕೊಡೋದು ಅಂತ ಪ್ರಶ್ನೆ ಬರುತ್ತದೆ, ನ್ಯಾಯವಾದ ಪ್ರಶ್ನೆಯೇ. ಗಾಡಿಗೆ ಬೇಡ. ಸರಕಾರಿ ಜಾಗದಲ್ಲಿ ಎಲ್ಲ ಕಾಲೇಜಿನವರಿಗೂ, ಪಾಲಿಟೆಕ್ನಿಕ್ ಮತ್ತು ಐ.ಟಿ.ಐ. ಹುಡುಗರಿಗೂ ಕೂಡಿ ಒಂದು ಶೆಡ್ ಕಟ್ಟಿಸಲಿ. ಒಂದು ಲೇತು, ಪೈಪ್ ಬಾಗಿಸೋ ಯಂತ್ರ, ವೆಲ್ಡಿಂಗ್ ಸೆಟ್. ಮಂಡಳಿಯವರು ಕಟ್ಟಡ ಕಟ್ಟೋದರಲ್ಲಿ ಹೊಸಬರಲ್ಲ.

ಸಹಾಯ ಮಾಡಿದವರ ಹೆಸರು ಗಾಡಿ ಮೇಲೆ ಬರೋದು ಪದ್ಧತಿ. ಆದರೆ ಊರಿನ ಫ್ಲೆಕ್ಸ್ ಚಾಳಿ ಗಾಡಿಗೆ ಹತ್ತದಿರಲಿ. ಬಾಹಾ ಗಾಡಿ ಅಂದರೆ ಬರೇ ಪೈಪು. ನಾಯಕರು, ಅವರ ಹಿಂಬಾಲಕರು, ಹಿಂಬಾಲಕರ ಹುಟ್ಟುಹಬ್ಬಕ್ಕೆ ಶುಭ ಕೋರುವವರು, ಇಷ್ಟು ಮಂದಿಯ ಫೋಟೋಕ್ಕೆ ಅದರಲ್ಲಿ ಜಾಗ ಸಾಲೋದಿಲ್ಲ.

ಹಣಕ್ಕಿಂತ ಅಗ್ಗವಾದ, ಆದರೆ ಹಣಕ್ಕಿಂತ ಸಿಗೋದು ಕಷ್ಟವಾದ ಇನ್ನೊಂದು ವಸ್ತು ವರ್ಕ್‌ಶಾಪಿನ ಕೀಲಿಕೈ. ಸಂಜೆ ಆಫೀಸು ಮುಚ್ಚುವಾಗ ವರ್ಕ್‌ಶಾಪೂ ಮುಚ್ಚಿದರೆ ಗಾಡಿ ಕಟ್ಟೋದು ಯಾವಾಗ? ಹಗಲು ಕ್ಲಾಸಿರುತ್ತದೆ. ಅದರಲ್ಲೂ ಹೆಣ್ಣುಮಕ್ಕಳ ಪಾಡು ನೋಡಿ. ರಾತ್ರಿ ಒಂಬತ್ತರವರೆಗೆ ಶೆಡ್ ತೆರೆದಿಟ್ಟರೂ ಅವರ ಹಾಸ್ಟೆಲಿನ ಗೇಟು ಅದಕ್ಕೂ ಮೊದಲೇ ಬೀಳುತ್ತದೆ. ಚಿತ್ರ ಬರೆದವಳು ಒಳಗೆ, ಚಿತ್ರ ನೋಡಿ ಪೈಪ್ ಕೊಯ್ಯುವವನು ಹೊರಗೆ. ಇದಕ್ಕೆ ಬೇಕಾದದ್ದು ಬಜೆಟ್ ಅಲ್ಲ, ವಾರ್ಡನ್ನರ ಜೊತೆ ಅರ್ಧ ತಾಸಿನ ಮಾತು.

ಹಾಜರಿಯದ್ದೂ ಇದೇ ಕಥೆ. ತಾಂತ್ರಿಕ ವಿಶ್ವವಿದ್ಯಾಲಯದ ನಿಯಮ ಶೇ. 85ರ ಹಾಜರಿ ಕೇಳುತ್ತದೆ. ಸ್ಪರ್ಧೆಗೆ ಹೋಗಿಬರಲು ವಾರ ಬೇಕು. ಆ ವಾರವನ್ನು 'ಗೈರು' ಅಂತ ಬರೆಯೋದೋ 'ಕಾಲೇಜಿನ ಕೆಲಸ' ಅಂತ ಬರೆಯೋದೋ? ಒಂದು ಶಬ್ದದ ಫರಕು. ಇಲ್ಲಿ "ಬೆಳಗಾವಿಗೆ ಬರೆದು ಕೇಳ್ಬೇಕ್ರಿ" ಅನ್ನೋ ನೆಪವೂ ಎಲ್ಲರಿಗೆ ಇಲ್ಲ. ಪಿ.ಡಿ.ಎ. ಸ್ವಾಯತ್ತ ಕಾಲೇಜು, ಶರಣಬಸವದ್ದು ಸ್ವಂತ ವಿಶ್ವವಿದ್ಯಾಲಯ. ಗಾಡಿಯ ಕೆಲಸವನ್ನೇ ಕೊನೆಯ ವರ್ಷದ ಪ್ರಾಜೆಕ್ಟ್ ಎಂದು ಒಪ್ಪಿಕೊಳ್ಳಲು ಇಂಥವರಿಗೆ ಊರ ಹೊರಗೆ ಹೋಗಿ ಕೇಳಬೇಕಾದ್ದು ಕಡಿಮೆ. ಹೇಗೂ ಪ್ರತಿ ವರ್ಷ ಎಷ್ಟೋ ಪ್ರಾಜೆಕ್ಟುಗಳು ಅಂಗಡಿಯಿಂದ ಕೊಂಡು ತಂದು, ಬೈಂಡ್ ಮಾಡಿಸಿ, ಕಪಾಟಿಗೆ ಸೇರುತ್ತವೆ. ಅದು ಎಲ್ಲ ಊರಿನ ಎಲ್ಲ ಕಾಲೇಜಿಗೂ ಗೊತ್ತಿದ್ದ ಗುಟ್ಟು.

ಗಾಡಿ ಕಟ್ಟಿದ ಮೇಲೆ ಓಡಿಸಿ ನೋಡೋದು ಎಲ್ಲಿ ಎಂಬುದು ಮುಂದಿನ ಮಾತು. ನೋಂದಣಿ ಇಲ್ಲದ ಗಾಡಿ ರಸ್ತೆಗೆ ಇಳಿಸೋ ಹಾಗಿಲ್ಲ, 1988ರ ಮೋಟಾರು ವಾಹನ ಕಾಯ್ದೆ ಬಿಡೋದಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ವೇಗದ ಪರೀಕ್ಷೆಗೂ ಅದೇ ಕಾಯ್ದೆಯ ಅಡ್ಡಿ ಇದೆ, ಇರಬೇಕಾದದ್ದೇ. ಆದರೆ ಹುಮನಾಬಾದ್ ರಸ್ತೆ ಹಿಡಿದರೆ ಮೊದಲು ಕಪನೂರಿನ ಕೈಗಾರಿಕಾ ಪ್ರದೇಶ ಸಿಗುತ್ತದೆ. ಅಲ್ಲಿ ಪೈಪ್ ಕೊಯ್ಯುವ, ಬೆಸೆಯುವ ಕಸುಬುದಾರರಿಂದ ಒಂದು ಮಧ್ಯಾಹ್ನದಲ್ಲಿ ಕಲಿಯೋದು ಒಂದು ಸೆಮಿಸ್ಟರಿನಲ್ಲಿ ಸಿಗಲಿಕ್ಕಿಲ್ಲ. ಅದೇ ರಸ್ತೆಯಲ್ಲಿ ಮುಂದೆ ಹೋದರೆ ಕೆಂಪು ಬಾಳೆಹಣ್ಣಿನ ಕಮಲಾಪುರ. ತೊಗರಿ ರಾಶಿಯಾದ ಮೇಲೆ ಆ ಸುತ್ತಿನ ಹೊಲಗಳು ಖಾಲಿ ಬೀಳುತ್ತವೆ. ಏರಿಳಿತ, ಬದು, ಬಿರುಕು, ಧೂಳು, ಬಾಹಾ ಗಾಡಿಗೆ ಬೇಕಾದ ಎಲ್ಲ ತೊಂದರೆಯೂ ಅಲ್ಲಿ ಪುಕ್ಕಟೆ. ಟೆಂಪೋದಲ್ಲಿ ಗಾಡಿ ಹೇರಿಕೊಂಡು ಹೋದರೆ ಆತು.

ಅಲ್ಲಿಯೂ ಕಾಲೇಜಿನ ಕಾಗದ ಬೇಕು. ರೈತ ಯಾಕೆ ತನ್ನ ಹೊಲ ಬಿಟ್ಟುಕೊಡಬೇಕು? ನಾಳೆ ಹುಡುಗನ ಕೈ ಮುರಿದರೆ ಪೊಲೀಸರು ಬಂದು ಕೇಳೋದು ಹೊಲದ ಒಡೆಯನನ್ನೇ. ಕಾಲೇಜಿನವರೊಬ್ಬರು ಜೊತೆಗೆ ಹೋಗಿ, ಹೆಲ್ಮೆಟ್ಟು, ಬೆಂಕಿ ಆರಿಸೋ ಡಬ್ಬಿ, ಒಂದು ಆಂಬ್ಯುಲೆನ್ಸ್ ಇಟ್ಟು, "ಜವಾಬ್ದಾರಿ ನಮ್ದು" ಅಂತ ಬರೆದುಕೊಟ್ಟರೆ ಕಮಲಾಪುರದವರು ಇಲ್ಲ ಅನ್ನುವವರಲ್ಲ. ಆ ಊರಿನ ಹುಡುಗನೊಬ್ಬ ತಂಡದೊಳಗೇ ಇದ್ದರೆ ಕೇಳೋದೇ ಬೇಡ. ಚಂದಾ ಪಟ್ಟಿಯಲ್ಲಿ ಬಿಟ್ಟುಹೋಗುವ ಹುಡುಗ ಅವನೇ ಅನ್ನೋದು ಬೇರೆ ಮಾತು.

2013ರಿಂದ 371 (ಜೆ) ಕಲಂ ಈ ಭಾಗದ ಮಕ್ಕಳಿಗೆ ಸೀಟು ಕೊಟ್ಟಿದೆ, ಸರಕಾರಿ ನೌಕರಿಯಲ್ಲಿ ಪಾಲು ಕೊಟ್ಟಿದೆ. ಖಾಸಗಿ ಕಂಪನಿಯವನಿಗೆ ಆ ಕಲಂ ಲೆಕ್ಕಕ್ಕಿಲ್ಲ. ಅವನು ಸಂದರ್ಶನದಲ್ಲಿ ಕೇಳೋದು "ಏನು ಕಟ್ಟಿದ್ದೀಯಪ್ಪಾ ನಿನ್ನ ಕೈಯಾರೆ" ಅಂತ. ಬೆಂಗಳೂರಿನ ಹುಡುಗ ಅಲ್ಲಿ ಗಾಡಿಯ ಫೋಟೋ ತೆಗೆದು ತೋರಿಸ್ತಾನೆ.

ಕಾಲದ ಲೆಕ್ಕವನ್ನೂ ಸಂಬಂಧಪಟ್ಟವರು ಹಾಕಬೇಕು. ತೊಗರಿ ಕೊಯ್ಲು ಡಿಸೆಂಬರ್, ಜನವರಿಗೆ. ಸ್ಪರ್ಧೆಗಳ ಹಂಗಾಮೂ ಹೆಚ್ಚುಕಡಿಮೆ ಅದರ ಬೆನ್ನಿಗೇ. ಕಮಲಾಪುರದ ಹೊಲ ಖಾಲಿಯಾಗೋದಕ್ಕೂ ಗಾಡಿಯನ್ನು ಲಾರಿಗೆ ಹೇರೋದಕ್ಕೂ ನಡುವೆ ಸಿಗೋದು ಕೆಲವೇ ವಾರ. ಅಷ್ಟೊತ್ತಿಗೆ ಗಾಡಿ ತಯಾರಿರಬೇಕಾದರೆ ಪೈಪು ದಸರೆಗೆ ಮೊದಲು ಬರಬೇಕು. ಪೈಪು ಬರಬೇಕಾದರೆ ಶ್ರಾವಣ ಮುಗಿಯೋದರೊಳಗೆ ಆ ಫೈಲಿನ ಮೇಲೆ ಪ್ರಿನ್ಸಿಪಾಲರ ಸಹಿ ಬಿದ್ದಿರಬೇಕು.