ತಾಳೆಯಾದ ಲೆಕ್ಕ

ಪುಟಾಣಿಗಳೇ, ರಜೆಗೆ ದ್ವೀಪವೇ ಬೇಕೆಂದು ನಮ್ಮ ಮನೆಯಲ್ಲಿ ದೊಡ್ಡ ಗಲಾಟೆ. ಮೊಮ್ಮಗ ಅಂಡಮಾನ್ ಎಂದ, ಮೊಮ್ಮಗಳು ಲಕ್ಷದ್ವೀಪ ಎಂದಳು. ನಾನು ಬ್ಯಾಂಕ್ ಗುಮಾಸ್ತನಾಗಿದ್ದವನು. ಹಾಳೆಯ ನಡುವೆ ಗೆರೆ ಎಳೆದು ಬರೆಯತೊಡಗಿದೆ. ಅಂಡಮಾನಿಗೆ ವಿಮಾನದ ಖರ್ಚು, ಲಕ್ಷದ್ವೀಪಕ್ಕೆ ಮೊದಲೇ ಪರವಾನಗಿ.

ಅಷ್ಟರಲ್ಲಿ ಮಂಡಿನೋವಿನ ಅಜ್ಜಿ, “ನೀವೆಲ್ಲ ಹೋಗಿಬನ್ನಿ, ಮನೆ ನಾನು ನೋಡ್ಕೋತೀನಿ” ಎಂದಳು. ಮಕ್ಕಳ ಮುಖ ಸಪ್ಪಗಾಯಿತು. ಅಜ್ಜಿಯನ್ನು ಬಿಟ್ಟರೆ ಲೆಕ್ಕ ತಾಳೆಯಾಗದು. ಇಬ್ಬರೂ ತಾವಾಗಿಯೇ ತಮ್ಮ ದ್ವೀಪದ ಹೆಸರು ಹೊಡೆದುಹಾಕಿದರು.

ಕೊನೆಗೆ ಉಳಿದದ್ದು ಉಡುಪಿ ಬಳಿಯ ಸೇಂಟ್ ಮೇರೀಸ್ ದ್ವೀಪ. ಮಲ್ಪೆಯವರೆಗೆ ಕಾರು, ಅಲ್ಲಿಂದ ಸ್ವಲ್ಪ ಹೊತ್ತು ದೋಣಿ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದನೆಂದು ಪ್ರತೀತಿ. ಅದಕ್ಕಿಂತ ಸೋಜಿಗ ಅಲ್ಲಿನ ಕಲ್ಲುಗಳದ್ದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದಾಗ ಲಾವಾ ಉಕ್ಕಿತು. ಅದು ಆರುತ್ತಾ ಕುಗ್ಗಿ, ಬಿರಿದು, ಕಂಬಕಂಬವಾಗಿ ನಿಂತಿತು.

ದೋಣಿಯವರು ಕೈಹಿಡಿದು ಅಜ್ಜಿಯನ್ನು ಇಳಿಸಿದರು. ಅವಳು ಒಂದು ಮೋಟು ಕಂಬದ ಮೇಲೆ ಕೂತು, “ನನಗೇ ಮಣೆ ಹಾಕಿಟ್ಟ ಹಾಗಿದೆ” ಎಂದು ನಕ್ಕಳು. ಮಕ್ಕಳು ಅವಳ ಸುತ್ತಲೇ ಆಡಿದರು.

ನೀವೂ ಹೋಗುವುದಾದರೆ ನೆನಪಿಡಿ: ಮಳೆಗಾಲದಲ್ಲಿ ದೋಣಿ ಇಲ್ಲ, ರಾತ್ರಿ ತಂಗುವಂತಿಲ್ಲ, ಒದ್ದೆ ಬಂಡೆ ಜಾರುತ್ತದೆ. ಇನ್ನೊಂದು ಮಾತು. ಊರು ಆರಿಸುವ ಮುಂಚೆ, ಮನೆಯಲ್ಲಿ “ನಾನು ಬರೋಲ್ಲ” ಎನ್ನುವವರ ಪಕ್ಕ ಕೂತು, ಯಾಕೆಂದು ಕೇಳಿ.