ಕೆರೆ ಸಂಘಗಳ ಪಂಚರು

ನಮ್ಮ ನಾಡಿನಲ್ಲಿ ಕೆರೆಗಳಿಗೆ ಕೊರತೆಯಿಲ್ಲ. ಕೆರೆಗಳನ್ನು ಕಾಪಾಡಲೆಂದು ಹುಟ್ಟಿದ ಸಂಘಗಳಿಗೂ ಈಗ ಕೊರತೆಯಿಲ್ಲ. ರಾಜಧಾನಿ ಮೊದಲ್ಗೊಂಡು ಚಿಕ್ಕ ಪಟ್ಟಣಗಳವರೆಗೆ ಬಡಾವಣೆಯ ಗೃಹಸ್ಥರೂ, ನಿವೃತ್ತ ಅಧಿಕಾರಿಗಳೂ, ಉಪಾಧ್ಯಾಯರೂ, ವಕೀಲರೂ ಒಂದುಗೂಡಿ ಸಂಘಗಳನ್ನು ನೋಂದಾಯಿಸಿ, ಚಿಕ್ಕಾಸಿನ ಸಂಬಳವೂ ಇಲ್ಲದೆ ಅವುಗಳ ಆಡಳಿತವನ್ನು ವಹಿಸಿಕೊಂಡಿರುವುದು ಈ ಕಾಲದ ಶುಭಸೂಚನೆಗಳಲ್ಲೊಂದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೊಗಳಿಕೆಯ ಮಾತು ಬೇಕಾದಷ್ಟು ಆಗಿದೆ. ಈ ಸಂಘಗಳ ಕಾರ್ಯಕಾರಿ ಮಂಡಳಿಗಳಲ್ಲಿ ಪಂಚರಾಗಿ ಕುಳಿತ ಮಹನೀಯರನ್ನು ಕುರಿತು ನಾಲ್ಕು ನಿಷ್ಠುರದ ಮಾತುಗಳನ್ನಾಡುವ ಕಾಲವೂ ಬಂದಿದೆಯೆಂದು ನಮಗೆ ತೋರುತ್ತದೆ.

ಜನರು ಮನಸ್ಸು ಮಾಡಿದರೆ ಏನಾಗಬಲ್ಲುದೆಂಬುದಕ್ಕೆ ದೃಷ್ಟಾಂತಗಳನ್ನು ದೂರ ಹುಡುಕಬೇಕಾಗಿಲ್ಲ. ಬೆಂಗಳೂರಿನ ಸರ್ಜಾಪುರ ರಸ್ತೆಯ ಬದಿಯಲ್ಲಿ ಕೈಕೊಂಡ್ರಹಳ್ಳಿಯ ಕೆರೆಯಿದೆ. ವಿಸ್ತಾರ ಸುಮಾರು ೪೮ ಎಕರೆ. ಹಾಳುಬಿದ್ದಿದ್ದ ಆ ಕೆರೆಯ ಉದ್ಧಾರಕ್ಕೆ ೨೦೦೯ರ ಸುಮಾರಿನಲ್ಲಿ ನೆರೆಹೊರೆಯ ನಾಗರಿಕರು ಪಾಲಿಕೆಯ ಇಂಜಿನಿಯರರೊಡನೆ ಕೂಡಿ ನಿಂತರು. ನಗರದ ದಕ್ಷಿಣಕ್ಕಿರುವ ಪುಟ್ಟೇನಹಳ್ಳಿಯ ಸಣ್ಣ ಕೆರೆಗಾಗಿ ಅಲ್ಲಿಯ ನಿವಾಸಿಗಳು ೨೦೧೦ರಲ್ಲಿ ತಮ್ಮದೇ ಒಂದು ಟ್ರಸ್ಟನ್ನು ರಚಿಸಿಕೊಂಡರು. ಎರಡೂ ಕಡೆ ನೀರು ನಿಂತಿತು, ಹಕ್ಕಿಗಳು ಮರಳಿದವು. ಇದು ಭಾಷಣದಿಂದಾದುದಲ್ಲ, ವಾರವಾರವೂ ಕೆರೆಯ ದಂಡೆಗೆ ಹೋಗಿ ನಿಂತವರಿಂದಾದುದು.

ಪರರ ದೋಷವನ್ನೆಣಿಸುವ ಮೊದಲು ನಮ್ಮದನ್ನು ಒಪ್ಪಿಕೊಳ್ಳುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಸಂಘದ ಮಂಡಳಿಯಲ್ಲಿ ನಮ್ಮ ಹೆಸರೂ ಇದ್ದಿತು. ಪತ್ರಿಕೆಯವರೊಬ್ಬರಿದ್ದರೆ ಸಂಘಕ್ಕೆ ತೂಕ ಬರುವುದೆಂದು ಕರೆದವರು ಹೇಳಿದರು, ನಾವೂ ನಂಬಿದೆವು. ಆ ವರ್ಷ ನಡೆದ ಒಂಬತ್ತು ಸಭೆಗಳಲ್ಲಿ ನಾವು ಹೋದದ್ದು ಎರಡಕ್ಕೆ. ಹದಿಮೂರು ಜನರ ಕೆಲಸವೆಲ್ಲವೂ ಗೌರವ ಕಾರ್ಯದರ್ಶಿಗಳಾಗಿದ್ದ ನಿವೃತ್ತ ಉಪಾಧ್ಯಾಯರೊಬ್ಬರ ತಲೆಯ ಮೇಲೆ ಬಿದ್ದಿತು. ಮಳೆಗಾಲದ ಒಂದು ರಾತ್ರಿ ಕೋಡಿಯಲ್ಲಿ ಜೊಂಡೂ ಕಸವೂ ಸಿಕ್ಕಿಕೊಂಡು ನೀರು ಏರಿಯ ಮಟ್ಟಕ್ಕೆ ಬಂದಾಗ ಅವರು ಆರು ಮಂದಿ ಪಂಚರಿಗೆ ಫೋನು ಮಾಡಿದರು. ಅವರಲ್ಲಿ ನಾವೂ ಒಬ್ಬರು. ಯಾರೂ ಹೋಗಲಿಲ್ಲ. ಇಬ್ಬರು ಕೂಲಿಯಾಳುಗಳೊಡನೆ ಅವರೇ ನೀರಿಗಿಳಿದು ಕೋಡಿಯನ್ನು ಬಿಡಿಸಿದರು. ಮುಂದಿನ ಸಭೆಯಲ್ಲಿ ಅವರಿಗೆ ಶಾಲು ಹೊದಿಸಲಾಯಿತು. ಆ ಸಭೆಗೆ ಮಾತ್ರ ಎಲ್ಲರೂ ಬಂದಿದ್ದೆವು. ಅವರು ಶಾಲನ್ನು ಮಡಿಸಿ ಮೇಜಿನ ಮೇಲಿಟ್ಟು, ಅದರ ಮೇಲೆ ತಮ್ಮ ರಾಜೀನಾಮೆಯನ್ನಿಟ್ಟು ಹೊರಟುಹೋದರು. ವರ್ಷ ತುಂಬುವುದರೊಳಗೆ ಸಂಘವು ಕಾಗದದ ಮೇಲೆ ಮಾತ್ರ ಉಳಿಯಿತು.

'ಕೆರೆಗೆ ಹಾರ'ದ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ಕೆರೆಗೆ ನೀರು ಬಾರದಿರಲು ಮನೆಯ ಹಿರಿಯರೆಲ್ಲ ಕೂಡಿ ಆಲೋಚಿಸಿದರು. ಹೋದದ್ದು ಕಿರಿಯ ಸೊಸೆ ಭಾಗೀರಥಿಯೊಬ್ಬಳ ಪ್ರಾಣ. ನಮ್ಮ ಮಂಡಳಿಗಳು ಮಾಡುತ್ತಿರುವುದೂ ಇದನ್ನೇ. ಹನ್ನೆರಡು ಮಂದಿ ಠರಾವು ಮಾಡುವರು. ಒಬ್ಬ ಕಾರ್ಯದರ್ಶಿ ಹಾರವಾಗುವನು.

ಆದರೆ ನಮ್ಮ ಪೂರ್ವಿಕರು ಕೆರೆಯ ಯೋಗಕ್ಷೇಮವನ್ನು ತ್ಯಾಗವೊಂದಕ್ಕೇ ಬಿಟ್ಟವರಲ್ಲ. ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಮಾತುಗಳು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೆರೆಯನ್ನು ಕಟ್ಟಿದವರಿಗೂ ನೋಡಿಕೊಳ್ಳುವವರಿಗೂ ಭೂಮಿಯನ್ನು ಬಿಟ್ಟುಕೊಡುವ ಏರ್ಪಾಡು ಅದು. ತೂಬು ತೆರೆದು ನೀರು ಹಂಚುವ ನೀರುಗಂಟಿಗೆ ಬೆಳೆಯಲ್ಲಿ ಪಾಲು ಸಲ್ಲುತ್ತಿತ್ತು. ಧರ್ಮಬುದ್ಧಿ ಇದ್ದಿತು, ಅದರ ಬೆನ್ನಿಗೆ ಧಾನ್ಯವೂ ಇದ್ದಿತು. ಇದರಿಂದ ನಾವು ಕಲಿಯಬೇಕಾದುದು ಸ್ಪಷ್ಟವಾಗಿದೆ: ಮೇಲ್ವಿಚಾರಣೆಯನ್ನು ಸ್ವಯಂಸೇವಕರು ನಡೆಸಬಹುದು; ನಿತ್ಯದ ದುಡಿಮೆಗೆ ಕೂಲಿ ಕೊಡಲೇಬೇಕು. ಕಾವಲುಗಾರನ ಸಂಬಳವನ್ನು ಹೊಂದಿಸಲಾರದ ಮಂಡಳಿಯು ಗಿಡ ನೆಡುವ ಉತ್ಸವವನ್ನು ನಡೆಸದಿರುವುದೇ ಲೇಸು.

ಎರಡನೆಯ ಮಾತು ಉತ್ತರವಾದಿತ್ವದ್ದು. ೧೯೬೦ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ ಮೇರೆಗೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕೂಡಬೇಕು. ಆಡಳಿತ ಮಂಡಳಿಯವರ ಪಟ್ಟಿಯೂ ತಪಾಸಣೆಯಾದ ಲೆಕ್ಕವೂ ರಿಜಿಸ್ಟ್ರಾರರಿಗೆ ಸಲ್ಲಬೇಕು. ಕಾಯಿದೆ ಕೇಳುವುದು ಇಷ್ಟೇ. ಕೆರೆ ಇದಕ್ಕಿಂತ ಹೆಚ್ಚನ್ನು ಕೇಳುತ್ತದೆ. ಸಾಮುದಾಯಿಕ ಸಂಪತ್ತನ್ನು ಜನರೇ ಆಳಿಕೊಳ್ಳುವ ಬಗೆಯನ್ನು ಅಭ್ಯಸಿಸಿ ೨೦೦೯ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಅಮೆರಿಕದ ವಿದುಷಿ ಎಲಿನೊರ್ ಆಸ್ಟ್ರಮ್ ಅವರು, ಇಂಥ ಏರ್ಪಾಡುಗಳು ಬಹುಕಾಲ ಬಾಳಿದ ಕಡೆಗಳಲ್ಲಿ ಕಾವಲಿಗೆ ನಿಂತವರು ಬಳಕೆದಾರರೇ ಆಗಿರುವುದನ್ನು, ಇಲ್ಲವೆ ಬಳಕೆದಾರರಿಗೆ ಉತ್ತರ ಹೇಳಬೇಕಾದವರಾಗಿರುವುದನ್ನು ಕಂಡರು. ನಮ್ಮ ಮಂಡಳಿಗಳಲ್ಲಾದರೋ ಮೀನು ಹಿಡಿಯುವವನಿಲ್ಲ, ದನಕ್ಕೆ ಹುಲ್ಲು ಕೊಯ್ಯುವ ಹೆಂಗಸಿಲ್ಲ. ಕೆರೆಯನ್ನು ಕಿಟಕಿಯಿಂದ ನೋಡುವವರೇ ಬಹುಮಂದಿ. ಕೆರೆಯಿಂದ ಅನ್ನ ಕಾಣುವವರಿಗೂ ಅಲ್ಲಿ ಸ್ಥಾನ ದೊರೆಯಬೇಕು.

ಮೂರು ಸಭೆಗಳಿಗೆ ಕಾರಣವಿಲ್ಲದೆ ತಪ್ಪಿದವರ ಸ್ಥಾನವು ತಾನಾಗಿಯೇ ತೆರವಾಗಲಿ. ಜಮಾಖರ್ಚಿನ ಲೆಕ್ಕವನ್ನು ತಿಂಗಳಿಗೊಮ್ಮೆ ಕೆರೆಯ ಬಾಗಿಲಲ್ಲಿ ಹಲಗೆಯ ಮೇಲೆ ಬರೆದು ಹಾಕಲಿ. ಅಧ್ಯಕ್ಷ, ಕಾರ್ಯದರ್ಶಿ ಪದವಿಗಳಿಗೆ ಅವಧಿಯ ಕಟ್ಟಿರಲಿ. ಇಳಿಯುವವನು ಏರುವವನಿಗೆ ಕೆಲಸ ಕಲಿಸಿಯೇ ಇಳಿಯಲಿ. ಇಷ್ಟು ಕಟ್ಟುನಿಟ್ಟು ಮಾಡಿದರೆ ಯಾರು ಬಂದಾರು ಎಂದು ಕೆಲವರು ಕೇಳುವರು. ಬರುವವರು ಬರುವರು. ಕಾಗದದ ತಲೆಯ ಮೇಲೆ ಅಚ್ಚಾದ ಇಪ್ಪತ್ತು ಹೆಸರುಗಳಿಗಿಂತ ಕೋಡಿಯ ಬಳಿಗೆ ಬರುವ ಏಳು ಜನರು ಮೇಲು.

ಅಧಿಕಾರಿವರ್ಗದವರಿಗೂ ಒಂದು ಮಾತನ್ನು ಹೇಳದಿದ್ದರೆ ನ್ಯಾಯವಾಗದು. ಬೆಳ್ಳಂದೂರಿನ ಕೆರೆಯು ಊರ ಕೊಳಚೆಯನ್ನುಂಡು ನೊರೆ ಕಾರಿದುದನ್ನೂ, ೨೦೧೭ರ ಫೆಬ್ರವರಿಯಲ್ಲಿ ಹೊತ್ತಿ ಉರಿದುದನ್ನೂ ಲೋಕವೆಲ್ಲ ನೋಡಿತು. ಅದನ್ನು ಯಾವ ಸ್ವಯಂಸೇವಕ ಸಂಘವೂ ತಡೆಯಲಾರದು. ಒಳಚರಂಡಿಯೂ ರಾಜಕಾಲುವೆಯೂ ಸರಕಾರದ ಹೊಣೆ. ಆದರೆ ಗೃಹಸ್ಥರು ಕೈಲಾದ ಕೆರೆಯನ್ನು ಉಳಿಸಲು ಬಂದಾಗ ಅವರನ್ನು ಕಸ ಗುಡಿಸಲು ಕರೆದು, ನಿರ್ಣಯ ಮಾಡುವಾಗ ಬಾಗಿಲು ಹಾಕಿಕೊಳ್ಳುವ ವಾಡಿಕೆ ನಿಲ್ಲಬೇಕು. ಕೆರೆಗಳ ಬಗ್ಗೆ ಪಾಲಿಕೆಯು ಖಾಸಗಿ ಸಂಸ್ಥೆಗಳೊಡನೆ ಒಡಂಬಡಿಕೆ ಮಾಡಿಕೊಳ್ಳುವುದನ್ನು ೨೦೨೦ರಲ್ಲಿ ಉಚ್ಚ ನ್ಯಾಯಾಲಯವು ತಡೆದಾಗ ಅದರ ಬಿಸಿ ನಾಗರಿಕ ಸಂಘಗಳಿಗೂ ತಟ್ಟಿತು. ಸಾರ್ವಜನಿಕರ ಕೆರೆಯು ವ್ಯಾಪಾರಸ್ಥರ ಪಾಲಾಗಬಾರದೆಂಬುದು ಸರಿಯೇ. ಆದರೆ ಲಾಭ ನೋಡುವವರನ್ನೂ ಲಾಭವಿಲ್ಲದೆ ದುಡಿಯುವವರನ್ನೂ ಬೇರೆಬೇರೆಯಾಗಿ ಕಾಣುವ ಸ್ಪಷ್ಟವಾದ ಬರಹದ ಕಟ್ಟಳೆ ಬೇಕು. ಹೊಣೆಯನ್ನು ಹೊರಿಸಿ ಅಧಿಕಾರವನ್ನು ಕೊಡದಿದ್ದರೆ ಒಳ್ಳೆಯವರು ಹಿಂದೆ ಸರಿಯುವರು. ಉಳಿಯುವವರು ಶಾಲಿನ ಆಸೆಯವರು.

ಕೆರೆ ಸಂಘಗಳ ಪಂಚರಲ್ಲಿ ನಮ್ಮ ವಿಜ್ಞಾಪನೆಯಿಷ್ಟೇ. ಬರುವ ಮಳೆಗಾಲಕ್ಕೆ ಮುಂಚೆ ತಮ್ಮ ನಡವಳಿ ಪುಸ್ತಕವನ್ನೊಮ್ಮೆ ತೆರೆದು, ಹಾಜರಿಯ ಪುಟದಲ್ಲಿ ತಮ್ಮ ರುಜು ಎಷ್ಟು ಸಲ ಇದೆಯೆಂದು ಎಣಿಸಿಕೊಳ್ಳಲಿ. ಸಾಲದೆಂದು ತೋರಿದರೆ ಕೆಲಸಕ್ಕೆ ನಿಲ್ಲಲಿ. ಆಗದಿದ್ದರೆ ಕುರ್ಚಿಯನ್ನು ಬಿಟ್ಟುಕೊಡಲಿ. ನಾವು ಬಿಡುವುದರೊಳಗೆ ಬಹಳ ತಡವಾಗಿತ್ತು.