ಬೇರುಗಂಟಿನ ಜೀವಿಗೆ ಯಾವ ಹೆಸರು?

ಕಲಾ ಕಾಲೇಜಿನವರಿಗೆ ಬ್ಯಾಕ್ಟೀರಿಯದ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ಆದರೆ ನಮ್ಮಲ್ಲಿ ಹೊಲಮನೆಯಿಂದ ಬಂದವರು ಅನೇಕರಿದ್ದಾರೆ. ಕಡಲೆಕಾಯಿ ಗಿಡ ಕಿತ್ತವರೆಲ್ಲರೂ ಅದರ ಬೇರಿನ ಸಣ್ಣ ಗಂಟುಗಳನ್ನು ಕಂಡೇ ಇರುತ್ತಾರೆ. ಗಾಳಿಯ ಸಾರಜನಕವನ್ನು ಗಿಡಕ್ಕೆ ಆಹಾರವಾಗಿಸಿಕೊಡುವ ಬ್ಯಾಕ್ಟೀರಿಯಗಳ ಬೀಡು ಅದು. ಹಾಲೆಂಡಿನ ಬೈಯರಿಂಕ್ ಅವರು 1888ರಲ್ಲಿ ಅವನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದರು. ಮರುವರ್ಷವೇ ಜರ್ಮನಿಯ ಫ್ರಾಂಕ್ ಅವರು ‘ರೈಜೋಬಿಯಂ’ ಎಂದು ಹೆಸರಿಟ್ಟರು. ತೊಡಕು ಆಮೇಲಿನದು.

ಯಾವ ಬೆಳೆಯಲ್ಲಿ ಗಂಟು ಕಟ್ಟುವುದೋ ಅದನ್ನೇ ನೋಡಿ ಪ್ರಭೇದವನ್ನು ಗೊತ್ತುಮಾಡುವ ಪದ್ಧತಿ ಬಂದಿತು. ಬಟಾಣಿಯದು ಒಂದು, ಕ್ಲೋವರಿನದು ಒಂದು, ಹುರುಳಿಕಾಯಿಯದು ಮತ್ತೊಂದು. ಅಲಸಂದೆ, ತೊಗರಿ, ಹೆಸರು, ಕಡಲೆಕಾಯಿ ಇವುಗಳ ಜೀವಿಗಳು ಒಂದರ ಬೇರನ್ನು ಇನ್ನೊಂದು ಸಲೀಸಾಗಿ ಹೊಗುತ್ತಿದ್ದುದರಿಂದ ಎಲ್ಲವನ್ನೂ ‘ಅಲಸಂದೆ ಗುಂಪು’ ಎಂದು ಒಂದೇ ಮೂಟೆ ಕಟ್ಟಿದರು. ನಮ್ಮ ಹೊಲದ ಬೆಳೆಗಳಿಗೆ ಸಂದ ಮರ್ಯಾದೆ ಅಷ್ಟೇ!

ಇದು ಕಸುಬನ್ನು ನೋಡಿ ಮನೆತನವನ್ನು ನಿರ್ಣಯಿಸಿದಂತೆ. ಗಂಟು ಕಟ್ಟಿಸುವ ಜೀನುಗಳು ಅನೇಕ ರೈಜೋಬಿಯಂಗಳಲ್ಲಿ ಪ್ಲಾಸ್ಮಿಡ್ ಎಂಬ ಬಿಡಿ ಡಿಎನ್‌ಎ ಉಂಗುರದ ಮೇಲಿರುತ್ತವೆ. ಆ ಉಂಗುರ ಒಂದು ಜೀವಿಯಿಂದ ಇನ್ನೊಂದಕ್ಕೆ ದಾಟಬಲ್ಲದು. ಎರವಲು ತಂದ ನೇಗಿಲನ್ನು ಕಂಡು ವಂಶಾವಳಿ ಬರೆಯಲಾದೀತೆ? 1984ರಲ್ಲಿ ಮೇಲಿನ ಮೂರನ್ನೂ ಒಂದೇ ಪ್ರಭೇದದಲ್ಲಿ ಸೇರಿಸಿದರು. ಹುರುಳಿಕಾಯಿಯ ಕೆಲವನ್ನು 1993ರಲ್ಲಿ ಮತ್ತೆ ಬೇರೆ ಮಾಡಿದರು.

ಇದಕ್ಕಿಂತ ಬೆಳವಣಿಗೆಯ ವೇಗವೇ ಹೆಚ್ಚು ನಂಬತಕ್ಕ ಸಾಕ್ಷಿಯಾಯಿತು. ಯೀಸ್ಟ್ ಸಾರ, ಮ್ಯಾನಿಟಾಲ್ ಇರುವ ಅಗರಿಗೆ ಬ್ರೋಮೋಥೈಮಾಲ್ ನೀಲಿಯನ್ನು ಬೆರೆಸಿದರೆ ತಟ್ಟೆ ಹಸಿರಾಗಿ ಕಾಣುತ್ತದೆ. ಕೆಲವು ಜೀವಿಗಳು 3–5 ದಿನಗಳಲ್ಲಿ ಅಂಟಂಟಾಗಿ ಬೆಳೆದು, ಆಮ್ಲ ಬಿಟ್ಟು, ತಟ್ಟೆಯನ್ನು ಹಳದಿ ಮಾಡುತ್ತವೆ. ಇನ್ನು ಕೆಲವು ವಾರವನ್ನೇ ಹಿಡಿದು ನೀಲಿ ಮಾಡುತ್ತವೆ. ಈ ನಿಧಾನಿಗಳಿಗೆ 1982ರಲ್ಲಿ ‘ಬ್ರಾಡಿರೈಜೋಬಿಯಂ’ ಎಂಬ ಬೇರೆ ಮನೆಯೇ ಆಯಿತು. ಕಡಲೆಕಾಯಿಯ ಒಕ್ಕಲು ಬಹುಪಾಲು ಅಲ್ಲಿಯದೇ.

ಈಗಿನ ನಿಯಮ ಮತ್ತೂ ಬಿಗಿ. ಇಡೀ ಜೀನೋಮನ್ನು ಹತ್ತಿರದ ನೆಂಟರೊಡನೆ ಹೋಲಿಸಬೇಕು. ಸಾಮ್ಯ ಶೇಕಡ 95–96ಕ್ಕಿಂತ ಕಡಿಮೆಯಿದ್ದರೆ ಹೊಸ ಪ್ರಭೇದವೆಂಬ ಮಾತು. ಜೀವಂತ ತಳಿಯನ್ನು ಎರಡು ಬೇರೆ ಬೇರೆ ದೇಶಗಳ ಸಂಗ್ರಹಗಳಲ್ಲಿ ಇಡಬೇಕು. ಸಂಶಯ ಬಂದವರು ತರಿಸಿಕೊಂಡು ನೋಡಬಹುದು. ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದ ನಿಯಮ ಇದೇ.

ಆದರೂ ಹಳೆಯ ಪದ್ಧತಿಯನ್ನು ಪೂರ್ತಿ ಹಳಿಯಲು ನಾನು ಸಿದ್ಧನಿಲ್ಲ. ವಿಜ್ಞಾನಿ ಕೇಳುವುದು ಯಾರ ವಂಶವೆಂದು; ರೈತ ಕೇಳುವುದು ತನ್ನ ಬೆಳೆಗೆ ಆಗುವುದೇ ಎಂದು. ಒಂದೇ ಹೆಸರಿನಿಂದ ಎರಡಕ್ಕೂ ಉತ್ತರ ಹೇಳಿಸಹೊರಟದ್ದೇ ಅನರ್ಥ. ಬೀಜಕ್ಕೆ ಲೇಪಿಸುವ ಜೀವಾಣು ಗೊಬ್ಬರದ ಪೊಟ್ಟಣದ ಮೇಲೆ ಬೆಳೆಯ ಹೆಸರನ್ನೂ ತಳಿಯ ಸಂಖ್ಯೆಯನ್ನೂ ಕನ್ನಡದಲ್ಲಿ ದಪ್ಪಕ್ಷರಗಳಲ್ಲಿ ಅಚ್ಚುಹಾಕಲಿ. ಲ್ಯಾಟಿನ್ ಹೆಸರು ಕೆಳಗೆ ಚಿಕ್ಕದಾಗಿರಲಿ. ಅದು ಇನ್ನೊಮ್ಮೆ ಬದಲಾದರೂ ಬಿತ್ತುವವನಿಗೆ ತೊಂದರೆಯಿಲ್ಲ.